ಚಕ್ರದ ಸದ್ದು ಕೇಳಿದ ಕೂಡ್ಲೇ ಪಾರ್ಟ್ ಬದಲಿಸ್ಬೇಡಿ, ಮೊದಲು ಚೆಕ್ ಮಾಡಿಸಿ

ಮಾನ್ಯ ಸಂಪಾದಕರೇ,

ಪತ್ರ ಸ್ವಲ್ಪ ಉದ್ದ ಆಗ್ತದೆ, ಆದ್ರೂ ಸಾಧ್ಯ ಆದ್ರೆ ಪೂರ್ತಿ ಹಾಕಿ ಅಂತ ಕೇಳ್ಕೊಳ್ತೀನಿ. ಇದು ನಮ್ಮ ದಾವಣಗೆರೆ, ಹರಿಹರ, ಚಿತ್ರದುರ್ಗದ ಕಡೆ ಸೆಕೆಂಡ್ ಹ್ಯಾಂಡ್ ಕಾರು ತಗೊಂಡಿರೋರ, ತಗೋಬೇಕು ಅಂತ ಓಡಾಡ್ತಿರೋರ ವಿಷಯ. ಹೊಸ ಕಾರಿನ ರೇಟು ಕೇಳಿದ್ರೆ ಎದೆ ಝಲ್ ಅಂತದೆ, ಹಂಗಾಗಿ ಮೇಷ್ಟ್ರು, ಬ್ಯಾಂಕಿನವರು, ಅಂಗಡಿ ಇಟ್ಟವರು, ಅಡಿಕೆ ಮೆಕ್ಕೆಜೋಳದ ದುಡ್ಡು ಕೈಗೆ ಬಂದ ರೈತರು ಎಲ್ಲ ಏಳೆಂಟು ವರ್ಷ ಓಡಿದ ಕಾರು ನೋಡ್ತಾರೆ, ಅದ್ರಲ್ಲಿ ತಪ್ಪೇನೂ ಇಲ್ಲ, ನೋಡಿ ತಗೊಂಡ್ರೆ ಒಳ್ಳೇ ಗಾಡಿನೇ ಸಿಗ್ತಾವೆ. ಆದ್ರೆ ಗಾಡಿ ಮನೆಗೆ ಬಂದು ಪೂಜೆ ಮಾಡಿಸಿ ನಿಂಬೆಹಣ್ಣು ತುಳಿಸಿ ಇನ್ನೂ ಹೂವಿನ ಹಾರ ಒಣಗಿರಲ್ಲ, ಚಕ್ರದ ಕಡೆಯಿಂದ ಒಂದು ಸದ್ದು ಶುರು ಆಗ್ತದೆ. ಅಲ್ಲಿಂದ ಗ್ಯಾರೇಜ್ ಸುತ್ತೋದು ಶುರು. ಒಬ್ರು ಟೈರ್ ಅಂತಾರೆ, ಇನ್ನೊಬ್ರು ಗೇರ್ ಬಾಕ್ಸ್ ಅಂತಾರೆ, ಮತ್ತೊಬ್ರು ಏನೂ ಆಗಿಲ್ಲ ಹಳೇ ಗಾಡಿ ಹಂಗೇ ಅಂತ ಕಳಿಸ್ತಾರೆ, ಪ್ರತಿ ಸಲ ಜೇಬಿಂದ ದುಡ್ಡು ಹೋಗ್ತದೆ, ಸದ್ದು ಮಾತ್ರ ಅಲ್ಲೇ ಇರ್ತದೆ.

ಇದಕ್ಕೆ ಮೆಕ್ಯಾನಿಕ್‌ಗಳನ್ನ ಮಾತ್ರ ಬೈದ್ರೆ ಆಗಲ್ಲ ಅನ್ನೋದು ನನ್ನ ಅಭಿಪ್ರಾಯ. ನಾವು ಪಾರ್ಟ್ ಬದಲಿಸಿದ್ರೆ ದುಡ್ಡು ಕೊಡ್ತೀವಿ, ಏನಾಗಿದೆ ಅಂತ ಹುಡುಕಿದ್ದಕ್ಕೆ ದುಡ್ಡು ಕೊಡಲ್ಲ. ಒಂದು ಗಂಟೆ ಗಾಡಿ ಓಡಿಸಿ, ಜಾಕ್ ಹಾಕಿ, ನಾಲ್ಕೂ ಚಕ್ರ ತಿರುಗಿಸಿ, ಕಿವಿ ಕೊಟ್ಟು ಕೇಳಿ "ಇಂಥದ್ದು ಹೋಗಿದೆ" ಅಂತ ಹೇಳಿದವನಿಗೆ "ನೋಡಿದ್ದಕ್ಕೆ ಏನ್ರೀ ದುಡ್ಡು" ಅಂತ ಎದ್ದು ಬರ್ತೀವಿ. ಹಿಂಗಾದ್ರೆ ಅವನಾದ್ರೂ ಯಾಕೆ ಹುಡುಕ್ತಾನೆ, ಅಂದಾಜಿನ ಮೇಲೆ ಒಂದು ಪಾರ್ಟ್ ಬದಲಿಸಿ ಬಿಲ್ ಮಾಡ್ತಾನೆ. ಚೆಕ್ ಮಾಡೋದಕ್ಕೇ ಬೇರೆ ಚಾರ್ಜ್ ಇರಲಿ, ಅದನ್ನ ನಾವು ಖುಷಿಯಿಂದ ಕೊಡೋಣ, ಏನು ಸಿಕ್ತು ಅಂತ ಚೀಟೀಲಿ ಬರೆಸ್ಕೊಳ್ಳೋಣ. ಇದನ್ನ ಹೇಳೋಕೇ ಈ ಪತ್ರ ಬರೀತಿರೋದು.

ನಮ್ಮ ಚಿಕ್ಕಪ್ಪನ ಮಗಂದೇ ಉದಾಹರಣೆ ಕೊಡ್ತೀನಿ. ಅವನ ಕೆಲಸ ಚಿತ್ರದುರ್ಗದಲ್ಲಿ, ಮನೆ ಇಲ್ಲಿ ನಿಟುವಳ್ಳಿ ಕಡೆ, ಹೋಗಿ ಬರೋಕೆ 120 ಕಿಲೋಮೀಟರ್ ಆಸುಪಾಸು ಆಗ್ತದೆ. ಬಸ್ಸಲ್ಲಿ ಓಡಾಡಿ ಸಾಕಾಗಿ, ಚಿಕ್ಕಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೂ ಆಗ್ತದೆ ಅಂತ ಸೊಸೈಟಿಲಿ ಸಾಲ ಮಾಡಿ 2015ರ ಮಾಡೆಲ್ ಸಣ್ಣ ಪೆಟ್ರೋಲ್ ಕಾರು ತಗೊಂಡ. ಮಾರಿದವರು ಇದೇ ಊರಿನ ಒಬ್ಬ ಡೀಲರ್, ಹೆಸರು ಬೇಡ. ಟೆಸ್ಟ್ ಡ್ರೈವ್ ಅಂತ ಪಿ.ಬಿ. ರಸ್ತೇಲಿ ಟ್ರಾಫಿಕ್ ಮಧ್ಯ ಒಂದು ರೌಂಡ್ ಹೊಡೆಸಿದ್ರು, ಎಸಿ ಫುಲ್, ಹಾಡು ಜೋರು, ಸ್ಪೀಡು ಮೂವತ್ತು ದಾಟಲೇ ಇಲ್ಲ. ಗಾಡಿ ಬೆಣ್ಣೆ ಇದ್ದಂಗೈತಿ ಅಂದ್ರು, ಇವನೂ ಒಪ್ಕೊಂಡ. ಮಾರನೇ ವಾರ ಹೈವೇಲಿ ಐವತ್ತು ದಾಟಿದ ಕೂಡ್ಲೇ "ಗುಂಯ್ಯ್" ಅಂತ ಒಂದು ಸದ್ದು, ಎಪ್ಪತ್ತಕ್ಕೆ ಇನ್ನೂ ಜೋರು, ತೊಂಬತ್ತಕ್ಕೆ ಪಕ್ಕದಲ್ಲಿ ಕೂತವರ ಮಾತು ಕೇಳಲ್ಲ. ಡೀಲರ್ ಹತ್ರ ಹೋದ್ರೆ "ಗಾಡಿ ಕೊಟ್ಟಾಗ ಚೆನ್ನಾಗೇ ಇತ್ತಲ್ಲ" ಅಂತ ಕೈ ತೊಳ್ಕೊಂಡ್ರು.

ಮೊದಲನೇ ಗ್ಯಾರೇಜಲ್ಲಿ ಟೈರ್ ಅಂದ್ರು, ಮುಂದಿನ ಎರಡೂ ಹೊಸಾವು ಹಾಕ್ಸಿದ. ಸದ್ದು ಸ್ವಲ್ಪ ಕಮ್ಮಿ ಆಯ್ತು ಆದ್ರೆ ಹೋಗಲಿಲ್ಲ, ಯಾಕೆ ಕಮ್ಮಿ ಆಯ್ತು ಅನ್ನೋದು ಆಮೇಲೆ ಗೊತ್ತಾಯ್ತು, ಹೇಳ್ತೀನಿ. ಎರಡನೇ ಕಡೆ ಗೇರ್ ಬಾಕ್ಸ್ ಒಳಗಿನ ಬೇರಿಂಗ್ (ತಿರುಗೋ ಭಾಗ ಸಲೀಸಾಗಿ ತಿರುಗ್ಲಿ ಅಂತ ಉಕ್ಕಿನ ಗುಂಡು ಇಟ್ಟಿರೋ ಬಳೆ, ಚಕ್ರಕ್ಕೂ ಇರ್ತದೆ) ಹೋಗಿದೆ, ಇಳಿಸ್ಬೇಕು, ಇಳಿಸಿದ ಮೇಲೆ ಏನೇನು ಹೋಗಿದೆಯೋ ಹೇಳೋಕಾಗಲ್ಲ ಅಂದ್ರು. ಅವರು ಗಾಡಿ ಓಡಿಸಿ ನೋಡಿರಲಿಲ್ಲ, ಜಾಕ್ ಸಹ ಹಾಕಿರಲಿಲ್ಲ, ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳಿ ಹೇಳಿದ್ದಷ್ಟೇ. ಅವತ್ತು ಸಂಜೆ ಅವನು ಮನೆಗೆ ಬಂದು "ಅಣ್ಣಾ, ಗಾಡಿ ಮಾರಿಬಿಡ್ತೀನಿ" ಅಂತ ಕೂತ್ಕೊಂಡ.

ನಾನು ಹರಿಹರದ ಕಡೆ ವರ್ಕ್‌ಶಾಪಲ್ಲಿ ಲೇಥ್ ಮೇಲೆ ಕೆಲಸ ಮಾಡಿದವನು, ಬೇರಿಂಗ್ ಅನ್ನೋದು ನನಗೆ ಹೊಸದಲ್ಲ, ಆದ್ರೆ ಕಾರು ನನ್ನ ಲೈನ್ ಅಲ್ಲ. ಹಂಗಾಗಿ ಗೊತ್ತಿದ್ದ ಹಳೇ ಮೆಕ್ಯಾನಿಕ್ ಒಬ್ರ ಹತ್ರ ಕರ್ಕೊಂಡು ಹೋದೆ, ಎಲ್ಲಾರೂ ಅವರನ್ನ ಭಾಯ್ ಅಂತಾನೇ ಕರೀತಾರೆ. ಅವರು ಬಾನೆಟ್ ಮುಟ್ಟಲೇ ಇಲ್ಲ. "ನಡೀರಿ ಸರ್, ಮೊದ್ಲು ಅದು ಏನ್ ಹೇಳ್ತೈತಿ ಕೇಳೋಣ" ಅಂದು ಚಾವಿ ಇಸ್ಕೊಂಡು ಎಸಿ ಆಫ್, ಹಾಡು ಆಫ್, ಗ್ಲಾಸ್ ಇಳಿಸಿ ಹೊರಟ್ರು.

ಊರೊಳಗೆ ಕಾಂಕ್ರೀಟ್ ರಸ್ತೇಲಿ ಓಡಿಸಿದ್ರು, ಆಮೇಲೆ ಡಾಂಬರ್ ರಸ್ತೇಲಿ ಅದೇ ಸ್ಪೀಡಲ್ಲಿ ಓಡಿಸಿದ್ರು. ದಾವಣಗೆರೆ 2016ರಲ್ಲಿ ಸ್ಮಾರ್ಟ್ ಸಿಟಿಯ ಮೊದಲ ಇಪ್ಪತ್ತು ಊರುಗಳ ಪಟ್ಟೀಲಿ ಬಂತಲ್ಲ, ಆಮೇಲೆ ನಮ್ಮಲ್ಲಿ ಕಾಂಕ್ರೀಟ್ ರಸ್ತೆ ಜಾಸ್ತಿ ಆದ್ವು, ಈ ಪರೀಕ್ಷೆಗೆ ಅವು ಒಳ್ಳೇ ಅನುಕೂಲ. ಟೈರಿನ ಸದ್ದು ರಸ್ತೆ ಬದಲಾದ ಕೂಡ್ಲೇ ಬದಲಾಗ್ತದೆ, ಕಾಂಕ್ರೀಟ್ ಮೇಲೆ ಜೋರು, ನುಣ್ಣನೆ ಡಾಂಬರಿಗೆ ಇಳಿದ್ರೆ ತಗ್ಗುತ್ತೆ. ಬೇರಿಂಗ್ ಸದ್ದಿಗೆ ರಸ್ತೆ ಯಾವುದಾದ್ರೂ ಒಂದೇ. ನಮ್ಮ ಗಾಡೀಲಿ ಸದ್ದು ಸ್ವಲ್ಪ ಬದಲಾಯ್ತು, ಪೂರ್ತಿ ಬದಲಾಗಲಿಲ್ಲ. ಭಾಯ್ ಅಲ್ಲೇ ಹೇಳಿದ್ರು, "ಎರಡು ಸದ್ದು ಅದಾವು ತಮ್ಮಾ, ಒಂದರ ಹಿಂದೆ ಒಂದು ಅಡಗೈತಿ."

ಆಮೇಲೆ ಖಾಲಿ ಸರ್ವೀಸ್ ರಸ್ತೇಲಿ ಅರವತ್ತಕ್ಕೆ ತಂದು ನ್ಯೂಟ್ರಲ್ ಮಾಡಿದ್ರು, ಎಂಜಿನ್ ಸದ್ದು ಇಳೀತು, ಗುಂಯ್ ಅನ್ನೋದು ಇಳೀಲಿಲ್ಲ, ಗಾಡಿ ನಿಧಾನ ಆದಂಗೆ ಮಾತ್ರ ಅದೂ ನಿಧಾನ ಆಯ್ತು. ಅಂದ್ರೆ ಅದು ಎಂಜಿನ್ ಜೊತೆ ಸುತ್ತೋದಲ್ಲ, ಚಕ್ರದ ಜೊತೆ ಸುತ್ತೋದು. ಇಲ್ಲೊಂದು ಮಾತು ಓದೋರಿಗೆ ಹೇಳಲೇಬೇಕು, ನ್ಯೂಟ್ರಲ್ ಮಾಡಿ ನೋಡ್ಬೋದು, ಆದ್ರೆ ಓಡೋ ಗಾಡೀಲಿ ಚಾವಿ ಆಫ್ ಮಾಡ್ಬೇಡಿ, ಎಂಜಿನ್ ನಿಂತ್ರೆ ಸ್ಟೇರಿಂಗ್ ಬಿಗಿ ಆಗ್ತದೆ, ಬ್ರೇಕಿಗೆ ಸಿಗೋ ಬೂಸ್ಟರ್ ಸಹಾಯ ಒಂದೆರಡು ಸಲ ತುಳಿದ್ರೆ ಮುಗೀತು. ಎಷ್ಟೋ ಹುಡುಗ್ರು ಸದ್ದು ಕೇಳೋಕೆ ಅಂತ ಹಿಂಗೆ ಮಾಡ್ತಾರೆ, ಜೀವಕ್ಕೆ ಅಪಾಯ.

ಆಮೇಲೆ ಅದೇ ಖಾಲಿ ಜಾಗದಲ್ಲಿ ಸ್ಟೇರಿಂಗ್‌ನ ಮೆಲ್ಲಗೆ ಎಡಕ್ಕೆ, ಮೆಲ್ಲಗೆ ಬಲಕ್ಕೆ ಆಡಿಸಿದ್ರು. ಗಾಡಿ ಎಡಕ್ಕೆ ತಿರುಗಿದ್ರೆ ಭಾರ ಬಲಗಡೆ ಚಕ್ರದ ಮೇಲೆ ಬೀಳ್ತದೆ, ಬಲಕ್ಕೆ ತಿರುಗಿದ್ರೆ ಎಡ ಚಕ್ರದ ಮೇಲೆ. ಭಾರ ಬಿದ್ದ ಕಡೆ ಬೇರಿಂಗ್ ಹಾಳಾಗಿದ್ರೆ ಅದು ಜೋರಾಗಿ ಕೂಗ್ತದೆ. ನಮ್ಮ ಗಾಡಿ ಬಲಕ್ಕೆ ತಿರುಗಿದಾಗ ಸದ್ದು ಏರ್ತಿತ್ತು, ಎಡಕ್ಕೆ ತಿರುಗಿದಾಗ ಹೆಚ್ಚುಕಮ್ಮಿ ನಿಂತೇ ಹೋಗ್ತಿತ್ತು, ಹಂಗಾಗಿ ಅನುಮಾನ ಎಡಗಡೆ ಚಕ್ರದ ಮೇಲೆ. ಆದ್ರೂ ಭಾಯ್ ತೀರ್ಮಾನ ಹೇಳಲಿಲ್ಲ, ಕೆಲವು ಬೇರಿಂಗ್ ಇದಕ್ಕೆ ಉಲ್ಟಾ ಹೇಳ್ತಾವೆ, ಮತ್ತೆ ಹಿಂದಿನ ಚಕ್ರದ ಸದ್ದು ಬಾಡಿ ಒಳಗೆ ಹಾದು ಮುಂದಿನಿಂದ ಬಂದಂಗೆ ಕೇಳ್ತದೆ, ಎತ್ತಿ ನೋಡದೆ ಹೇಳಬಾರದು ಅಂದ್ರು. ಇಷ್ಟು ಅನುಭವ ಇದ್ದವರು ಹಿಂಗೆ ತಡೆದು ಮಾತಾಡಿದ್ದು ನೋಡಿ ನನಗೆ ಅವರ ಮೇಲೆ ನಂಬಿಕೆ ಬಂತು.

ಲಿಫ್ಟ್ ಮೇಲೆ ಎತ್ತಿದ ಮೇಲೆ ನಡೆದಿದ್ದನ್ನ ವಿವರವಾಗೇ ಬರೀತೀನಿ, ಪ್ರತಿ ಗ್ಯಾರೇಜಲ್ಲೂ ಗಿರಾಕಿ ಇದನ್ನ ಕೇಳಿ ಮಾಡಿಸ್ಕೋಬೋದು. ಮೊದಲು ಚಕ್ರದ ಮೇಲೆ ಕೆಳಗೆ, ಅಂದ್ರೆ ಗಡಿಯಾರದಲ್ಲಿ ಹನ್ನೆರಡು ಮತ್ತೆ ಆರು ಇರೋ ಕಡೆ, ಎರಡು ಕೈ ಇಟ್ಟು ಅಲುಗಾಡಿಸಿದ್ರು, ಟಕ್ ಅಂತ ಸಣ್ಣ ಪ್ಲೇ, ಅಂದ್ರೆ ಸಡಿಲದ ಅಲುಗಾಟ, ಇತ್ತು. ಹುಡುಗನ್ನ ಒಳಗೆ ಕೂರಿಸಿ ಬ್ರೇಕ್ ತುಳಿ ಅಂದು ಮತ್ತೆ ಅಲುಗಾಡಿಸಿದ್ರು, ಪ್ಲೇ ಮಾಯ. ಬ್ರೇಕ್ ತುಳಿದಾಗ ಪ್ಯಾಡುಗಳು ಡಿಸ್ಕನ್ನ ಹಿಡಿದು ಹಬ್ ಅನ್ನ (ಚಕ್ರ ಕೂರೋ ನಡುಭಾಗ) ಅದರ ಹೌಸಿಂಗಿಗೆ ಬಿಗಿ ಮಾಡ್ತಾವೆ, ಆಗ ಪ್ಲೇ ಹೋದ್ರೆ ಬೇರಿಂಗಿನದು, ಹಂಗೇ ಉಳಿದ್ರೆ ಬಾಲ್ ಜಾಯಿಂಟ್ ಅಥವಾ ಸಸ್ಪೆನ್ಷನ್ ಕಡೆಯದು. ಮೂರು ಮತ್ತೆ ಒಂಬತ್ತರ ಕಡೆ ಹಿಡಿದು ಅಲುಗಾಡಿಸಿದಾಗ ಮಾತ್ರ ಪ್ಲೇ ಬಂದ್ರೆ ಟೈ ರಾಡ್, ಸ್ಟೇರಿಂಗ್ ರ್‍ಯಾಕ್ ಕಡೆ ನೋಡ್ಬೇಕು. ಆಮೇಲೆ ಒಂದು ಕೈ ಬೆರಳನ್ನ ಶಾಕ್ ಅಬ್ಸಾರ್ಬರ್ ಸುತ್ತ ಇರೋ ಸ್ಪ್ರಿಂಗ್ ಮೇಲೆ ಇಟ್ಕೊಂಡು ಇನ್ನೊಂದು ಕೈಯಿಂದ ಚಕ್ರ ತಿರುಗಿಸಿದ್ರು, ನನ್ನ ಬೆರಳನ್ನೂ ಅಲ್ಲಿ ಇಡಿಸಿದ್ರು. ಬಲಗಡೆ ಸ್ಪ್ರಿಂಗಲ್ಲಿ ಏನೂ ಇಲ್ಲ, ಎಡಗಡೆ ಸ್ಪ್ರಿಂಗಲ್ಲಿ ರಾಗಿ ಬೀಸೋ ಕಲ್ಲು ತಿರುಗಿದಂಗೆ ಗರಗರ ಅಂತ ಬೆರಳಿಗೆ ತಾಗ್ತಿತ್ತು. ಬೇರಿಂಗ್ ಒಳಗೆ ಗುಂಡುಗಳು ಓಡೋ ದಾರಿ ಕಿತ್ತು ಹೋಗಿತ್ತು, ಬಿಚ್ಚಿದ ಮೇಲೆ ಕಣ್ಣಿಗೂ ಕಂಡ್ತು.

ಟೈರ್ ಬದಲಿಸಿದಾಗ ಸದ್ದು ಸ್ವಲ್ಪ ತಗ್ಗಿದ್ದು ಯಾಕೆ ಅಂದ್ರೆ, ಹಳೇ ಟೈರುಗಳೂ ಏರುಪೇರಾಗಿ ಸವೆದಿದ್ವು. ಶಾಕ್ ಅಬ್ಸಾರ್ಬರ್ ವೀಕ್ ಆಗಿದ್ರೆ ಚಕ್ರ ರಸ್ತೆ ಮೇಲೆ ಸಣ್ಣಗೆ ಕುಣೀತಾ ಹೋಗ್ತದೆ, ಟೈರ್ ಮೇಲೆ ಅಲ್ಲಲ್ಲಿ ತಗ್ಗು ಬೀಳ್ತದೆ, ಅಲೈನ್ಮೆಂಟ್ ಕೆಟ್ಟಿದ್ರೆ ಅಂಚು ಒಂದು ಕಡೆ ಗರಗಸದ ಥರ ಆಗ್ತದೆ, ಎರಡೂ ಬೇರಿಂಗ್ ಥರಾನೇ ಗುಂಯ್ ಅಂತಾವೆ. ಕೈಯನ್ನ ಟೈರ್ ಮೇಲೆ ಒಂದ್ಸಲ ಹಿಂದಿನಿಂದ ಮುಂದಕ್ಕೆ, ಒಂದ್ಸಲ ಮುಂದಿನಿಂದ ಹಿಂದಕ್ಕೆ ಸವರಿದ್ರೆ ಸಾಕು, ಒಂದು ಕಡೆ ನುಣುಪು, ಇನ್ನೊಂದು ಕಡೆ ಚುಚ್ಚಿದ್ರೆ ಆ ಟೈರ್ ಸರಿ ಇಲ್ಲ. ಇನ್ನೊಂದು ಉಪಾಯ ಇದೆ, ಖರ್ಚಿಲ್ಲದ್ದು, ಮುಂದಿನ ಟೈರುಗಳನ್ನ ಹಿಂದಕ್ಕೆ ಹಾಕಿ ಹಿಂದಿನವನ್ನ ಮುಂದಕ್ಕೆ ಹಾಕಿ ಓಡಿಸೋದು. ಸದ್ದೂ ಹಿಂದಕ್ಕೆ ಹೋದ್ರೆ ಟೈರ್, ಅಲ್ಲೇ ಉಳಿದ್ರೆ ಬೇರಿಂಗ್. ಎರಡು ಹೊಸ ಟೈರ್ ಹಾಕ್ಸೋ ಮೊದಲು ಆ ಮೊದಲನೇ ಗ್ಯಾರೇಜಿನವರು ಇಷ್ಟು ಮಾಡಿ ನೋಡಿದ್ರೆ ಸಾಕಿತ್ತು.

ಚಕ್ರದ ಎಲ್ಲ ಸದ್ದೂ ಬೇರಿಂಗ್ ಅಲ್ಲ, ಅದೂ ಗೊತ್ತಿರಲಿ, ಇಲ್ಲಾಂದ್ರೆ ಈ ಪತ್ರ ಓದಿದವರು ನಾಳೆ ಹೋಗಿ ಬೇರಿಂಗ್ ಹಾಕು ಅಂತಾರೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಆಕ್ಸಲರೇಟರ್ ಕೊಟ್ಟಾಗ ಮಾತ್ರ ಟಕ್ ಟಕ್ ಟಕ್ ಅಂದ್ರೆ ಚಕ್ರನ ತಿರುಗಿಸೋ ಡ್ರೈವ್ ಶಾಫ್ಟಿನ ಹೊರಗಡೆ ತುದೀಲಿರೋ ಸಿವಿ ಜಾಯಿಂಟ್ ಅನ್ನೋ ಕೀಲು, ಅದರ ರಬ್ಬರ್ ಬೂಟ್ ಹರಿದು ಗ್ರೀಸ್ ಚಕ್ರದ ಒಳಗಡೆ ಎಲ್ಲ ಚಿಮ್ಮಿರ್ತದೆ, ಬಗ್ಗಿ ನೋಡಿದ್ರೆ ಕಾಣ್ತದೆ. ಹಂಪ್ ಮೇಲೆ, ಗುಂಡಿ ಮೇಲೆ ಮಾತ್ರ ಡಬ್ ಡಬ್ ಅಂದ್ರೆ ಸಸ್ಪೆನ್ಷನ್ನಿನ ಲಿಂಕ್ ರಾಡ್, ಲೋವರ್ ಆರ್ಮ್ ಬುಷ್ ಕಡೆ ನೋಡ್ಬೇಕು. ಕೀಂ ಅಂತ ಸಣ್ಣ ಸದ್ದು ಬಂದು ಬ್ರೇಕ್ ತುಳಿದ ಕೂಡ್ಲೇ ಬದಲಾದ್ರೆ ಬ್ರೇಕ್ ಪ್ಯಾಡ್, ಕೆಲವು ಪ್ಯಾಡಲ್ಲಿ ಸವೆದಾಗ ಕೂಗಲಿ ಅಂತಾನೇ ಒಂದು ತಗಡಿನ ತುಂಡು ಇಟ್ಟಿರ್ತಾರೆ. ಇದ್ದಕ್ಕಿದ್ದಂಗೆ ಕರ್ರ್ ಅಂತ ಕಿವಿ ಕೊರೆಯೋ ಸದ್ದು ಬಂದ್ರೆ ಹೆದರೋ ಮೊದಲು ಡಿಸ್ಕ್ ಹಿಂದೆ ಇರೋ ತಗಡಿನ ಮರೆ ನೋಡಿ, ನಮ್ಮ ಕಡೆ ಜಲ್ಲಿ ರಸ್ತೆ ಜಾಸ್ತಿ, ಒಂದು ಸಣ್ಣ ಕಲ್ಲು ಸಿಕ್ಕಾಕ್ಕೊಂಡ್ರೂ ಗಾಡಿ ಮುಗೀತೇನೋ ಅನ್ನೋ ಹಂಗೆ ಸದ್ದು ಬರ್ತದೆ, ತೆಗೆದ್ರೆ ಮುಗೀತು. ಡೀಲರ್ ಯಾರ್ಡಲ್ಲಿ ತಿಂಗಳುಗಟ್ಟಲೆ ನಿಂತ ಗಾಡೀಲಿ ಡಿಸ್ಕ್ ಮೇಲೆ ತುಕ್ಕು ಹಿಡಿದು ಮೊದಲ ಕೆಲವು ಬ್ರೇಕಿಗೆ ಉಜ್ಜೋ ಸದ್ದು ಬರ್ತದೆ, ಅದು ತಾನೇ ಹೋಗ್ತದೆ. ಟೈರ್ ನಿಂತ ಕಡೆ ಚಪ್ಪಟೆ ಆಗಿ ದಬ್ ದಬ್ ಅನ್ನೋದೂ ಉಂಟು, ಅದು ಓಡಿಸಿದ ಮೇಲೂ ಹೋಗದೇ ಇದ್ರೆ ಆ ಟೈರ್ ಬೇಡ.

ಒಂದು ಸದ್ದಿಗೆ ಮಾತ್ರ ಒಂದು ಕಿಲೋಮೀಟರೂ ಮುಂದೆ ಹೋಗಬಾರದು. ಪಂಕ್ಚರ್ ಹಾಕ್ಸಿದ ಮೇಲೋ ಟೈರ್ ಬದಲಿಸಿದ ಮೇಲೋ ನಿಧಾನ ಹೋಗ್ವಾಗ ಗಡ್ ಗಡ್ ಅಂತ ಬಡಿದಂಗೆ ಸದ್ದು, ಸ್ಟೇರಿಂಗಲ್ಲಿ ಅಲುಗಾಟ ಬಂದ್ರೆ ಅಲ್ಲೇ ಪಕ್ಕಕ್ಕೆ ಹಾಕಿ ವೀಲ್ ನಟ್ ನೋಡಿ. ನಟ್ ಸಡಿಲ ಆಗಿ ಚಕ್ರನೇ ಕಳಚಿ ಹೋದ್ರೆ ಹೈವೇಲಿ ನಮ್ಮ ಜೊತೆ ಎದುರಿಗೆ ಬರೋರ ಜೀವಾನೂ ಹೋಗ್ತದೆ. ನಟ್ ಬಿಗಿ ಮಾಡೋ ಗನ್ನಲ್ಲಿ ಗರ್ರ್ ಅಂತ ಬಿಗಿ ಮಾಡಿದ್ರೆ ಸಾಕು ಅಂತ ತಿಳ್ಕೋಬೇಡಿ. ಸಣ್ಣ ಕಾರುಗಳಿಗೆ ಹೆಚ್ಚುಕಮ್ಮಿ 80ರಿಂದ 110 ನ್ಯೂಟನ್ ಮೀಟರ್ ಒಳಗೆ ಕಂಪನಿಯವರು ಒಂದು ಲೆಕ್ಕ ಕೊಟ್ಟಿರ್ತಾರೆ, ಆ ಗಾಡಿಯ ಪುಸ್ತಕದಲ್ಲಿ ಇರ್ತದೆ, ಬಿಗಿಯ ಅಳತೆ ತೋರಿಸೋ ಟಾರ್ಕ್ ರೆಂಚಲ್ಲಿ ಅಷ್ಟೇ ಬಿಗಿ ಮಾಡ್ಬೇಕು, 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ಇನ್ನೊಂದ್ಸಲ ನೋಡ್ಬೇಕು. ಹಂಗೇ ಬೇರಿಂಗ್ ಸದ್ದಿನ ಜೊತೆ ಚಕ್ರದಲ್ಲಿ ಪ್ಲೇ ಬಂದಿದ್ರೆ, ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ಲಾಕ್ ಆಗದಂಗೆ ತಡೆಯೋ ವ್ಯವಸ್ಥೆ) ಲೈಟ್ ಹತ್ತಿದ್ರೆ, ಓಡಿಸಿ ನಿಲ್ಲಿಸಿದ ಮೇಲೆ ಒಂದು ಚಕ್ರದ ಹತ್ರ ಮಾತ್ರ ಸುಡೋ ಬಿಸಿ ಬರ್ತಿದ್ರೆ, ಸಂಬಳ ಬರಲಿ ಮಾಡಿಸೋಣ ಅಂತ ಕಾಯ್ಬೇಡಿ. ಮುಟ್ಟಿ ನೋಡ್ಬೇಡಿ, ಕೈ ಹತ್ರ ಹಿಡಿದ್ರೆ ಗೊತ್ತಾಗ್ತದೆ.

ಬೇರಿಂಗ್ ಹಾಕೋ ವಿಷಯದಲ್ಲಿ ಒಂದು ಮಾತು ನನ್ನ ಸ್ವಂತ ಕಸುಬಿನ ಮೇಲೆ ಹೇಳ್ತೀನಿ. ನಮ್ಮ ಬಾಳಷ್ಟು ಸಣ್ಣ ಕಾರುಗಳಲ್ಲಿ ಮುಂದಿನ ಬೇರಿಂಗನ್ನ ಪ್ರೆಸ್ಸಲ್ಲಿ ಒತ್ತಿ ಕೂರಿಸ್ಬೇಕು. ಸುತ್ತಿಗೆ ತಗೊಂಡು ಬಡಿದು ಕೂರಿಸಿದ್ರೆ ಆ ಪೆಟ್ಟು ಒಳಗಿನ ಗುಂಡುಗಳ ಮೂಲಕ ಹೋಗಿ ಅವು ಓಡೋ ದಾರೀಲಿ ಸಣ್ಣ ಸಣ್ಣ ಗುಳಿ ಬೀಳ್ತಾವೆ, ಹೊಸ ಬೇರಿಂಗ್ ಅವತ್ತೇ ಅರ್ಧ ಸತ್ತಂಗೆ, ಕೆಲವೇ ತಿಂಗಳಲ್ಲಿ ಅದೇ ಸದ್ದು ವಾಪಸ್. ಎಷ್ಟೋ ಜನ "ಡೂಪ್ಲಿಕೇಟ್ ಬೇರಿಂಗ್ ಹಾಕಿದ್ರು" ಅಂತ ಬೈತಾರೆ, ಬೇರಿಂಗ್ ಒರಿಜಿನಲ್ಲೇ ಇರ್ತದೆ, ಹಾಕಿದ್ದು ಸರಿ ಇರಲ್ಲ. ಎಬಿಎಸ್ ಇರೋ ಗಾಡಿಗಳಲ್ಲಿ ಬೇರಿಂಗ್‌ನ ಒಂದು ಕಡೆ ಸೀಲಲ್ಲೇ ಮ್ಯಾಗ್ನೆಟ್ ರಿಂಗ್ ಇರಬೋದು, ಅದು ಸೆನ್ಸರ್ ಕಡೆಗೇ ಬರ್ಬೇಕು, ಉಲ್ಟಾ ಕೂರಿಸಿದ್ರೆ ಎಬಿಎಸ್ ಕೆಲಸ ಮಾಡಲ್ಲ. ಆಕ್ಸಲ್ ನಟ್ ಸಹ ಲೆಕ್ಕದ ಪ್ರಕಾರ ಬಿಗಿ ಆಗ್ಬೇಕು, ಸಡಿಲ ಬಿಟ್ರೆ ಬೇರಿಂಗ್ ಬೇಗ ಹೋಗ್ತದೆ. ನಮ್ಮ ಹುಡುಗನ ಗಾಡೀಲಿ ಬಿಚ್ಚಿದಾಗ ಹಬ್ ಅಂಚಲ್ಲಿ ಉಳಿ ಸುತ್ತಿಗೆ ಬಿದ್ದ ಗಾಯಗಳು ಕಂಡ್ವು, ಯಾರೋ ಹಿಂದೆ ಒಂದ್ಸಲ ಬಡಿದೇ ಕೂರಿಸಿದಾರೆ. ಭಾಯ್ ಹಬ್ ಎತ್ಕೊಂಡು ಲೇಥ್ ಅಂಗಡಿಗೆ ಹೋಗಿ ಪ್ರೆಸ್ಸಲ್ಲಿ ಒತ್ತಿಸ್ಕೊಂಡು ಬಂದ್ರು, ಹಳೇ ಬೇರಿಂಗನ್ನ ಕವರಲ್ಲಿ ಹಾಕಿ ಇವನ ಕೈಗೇ ಕೊಟ್ರು.

ಚೆಕ್ ಮಾಡಿದ್ದಕ್ಕೆ ಎಷ್ಟಾಯ್ತು ಅಂತ ನಾನು ಬೇರೆ ಕೇಳಿದಾಗ ಭಾಯ್ ತಲೆ ಎತ್ತಿ ನೋಡಿದ್ರು. "ಅದಕ್ಕೆ ಯಾರೂ ಕೊಡಲ್ಲ ಸರ್, ನಾವೂ ಕೇಳಲ್ಲ" ಅಂದ್ರು. ಹುಡುಕೋಕೆ ಹೋದ ಸಮಯ ಬದಲಿಸೋಕೆ ಹೋದ ಸಮಯಕ್ಕಿಂತ ಕಮ್ಮಿ ಏನಿರಲಿಲ್ಲ, ಗೇರ್ ಬಾಕ್ಸ್ ಇಳಿಸೋ ದೊಡ್ಡ ಖರ್ಚು ಉಳಿದಿದ್ದು ಆ ಹುಡುಕಾಟದಿಂದಲೇ, ಅದಕ್ಕೇ ಬೆಲೆ ಇಲ್ಲ ಅಂದ್ರೆ ಹೆಂಗೆ. ಹರಿಹರದಲ್ಲಿ 1941ರಲ್ಲಿ ಶುರು ಆದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೇಲಿ ಲೇಥ್ ಮಷೀನುಗಳನ್ನೇ ಮಾಡ್ತಿದ್ರು, ಅಲ್ಲಿ ಪಳಗಿದ ಕೈಗಳು ಈ ಭಾಗದಲ್ಲಿ ಎಷ್ಟೋ ವರ್ಕ್‌ಶಾಪುಗಳಿಗೆ ಹೋಗಿ ಕೆಲಸ ಕಲಿಸಿದಾವೆ. ನಮ್ಮ ಕಡೆ ಕೈಚಳಕಕ್ಕೆ ಕೊರತೆ ಇಲ್ಲ. ಮೈಕ್ರೋಮೀಟರ್ ಹಿಡಿದು ಅಳತೆ ನೋಡೋನಿಗೆ ನಾವು ಸಂಬಳ ಕೊಡ್ತೀವಿ, ಕಾರಿನ ಕೆಳಗೆ ಮಲಗಿ ಅದೇ ಕೆಲಸ ಮಾಡೋನಿಗೆ ಕೊಡಲ್ಲ.

ಗ್ಯಾರೇಜಿನವರಿಗೆ ನನ್ನ ಮನವಿ ಇಷ್ಟೇ, ಗೋಡೆ ಮೇಲೆ ಒಂದು ಬೋರ್ಡ್ ಹಾಕಿ, ಟೆಸ್ಟ್ ಡ್ರೈವ್ ಮಾಡಿ ಲಿಫ್ಟ್ ಮೇಲೆ ನೋಡಿ ಬರೆದು ಕೊಡೋಕೆ ಇಷ್ಟು ರೂಪಾಯಿ ಅಂತ, ಯಾವ ಚಕ್ರ, ಯಾವ ಪಾರ್ಟ್, ಏನು ಮಾಡಿ ನೋಡಿದ್ದಕ್ಕೆ ಗೊತ್ತಾಯ್ತು ಅನ್ನೋದನ್ನ ಎರಡು ಸಾಲು ಬರೆದು ಸಹಿ ಹಾಕಿ ಕೊಡಿ, ಹಳೇ ಪಾರ್ಟ್ ಗಿರಾಕಿ ಕೇಳೋ ಮೊದಲೇ ಕೈಗೆ ಕೊಡಿ. ಗಿರಾಕಿಗಳಿಗೂ ಅಷ್ಟೇ, ಆ ಚೀಟಿ ಇಸ್ಕೊಂಡು ಬೇರೆ ಕಡೆ ಕಮ್ಮಿಗೆ ಮಾಡಿಸ್ತೀನಿ ಅಂದ್ರೂ ಪರವಾಗಿಲ್ಲ, ನೋಡಿದವನ ದುಡ್ಡು ಕೊಟ್ಟು ಎದ್ದು ಬನ್ನಿ.

ಸೆಕೆಂಡ್ ಹ್ಯಾಂಡ್ ಕಾರು ಮಾರೋರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ, ಮುಚ್ಚಿಡಲ್ಲ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರುಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ತಗೋಬೇಕು ಅಂತ ಕೇಂದ್ರದ ಮೋಟಾರು ವಾಹನ ನಿಯಮದಲ್ಲೇ ಬಂದಿದೆ. ಆ ನಿಯಮದ ಗಮನ ಎಲ್ಲ ಗಾಡಿ ಯಾರ ಕೈಲಿದೆ, ಕಾಗದಪತ್ರ ಯಾರ ಹೆಸರಲ್ಲಿದೆ ಅನ್ನೋದರ ಮೇಲೆ, ಅದು ಬೇಕೇ ಬೇಕು, ಆದ್ರೆ ಗಾಡಿ ಚಕ್ರ ಹೆಂಗಿದೆ ಅನ್ನೋದನ್ನ ನಾವೇ ನೋಡ್ಕೋಬೇಕು. ಆದ್ದರಿಂದ ತಗೊಳ್ಳೋರು ಗಟ್ಟಿಯಾಗಿ ಮೂರು ಮಾತು ಕೇಳಿ. ಹೈವೇಲಿ ಎಂಬತ್ತರವರೆಗೆ ಓಡಿಸೋಕೆ ಬಿಡ್ಬೇಕು, ಹಾಡು ಎಸಿ ಎರಡೂ ಬಂದ್. ನಮಗೆ ಬೇಕಾದ ಗ್ಯಾರೇಜಲ್ಲಿ ಎತ್ತಿ ನೋಡೋಕೆ ಬಿಡ್ಬೇಕು. ಬಿಲ್ ಬೇಕು, ಬಾಯಿ ಮಾತಲ್ಲಿ ಹೇಳಿದ್ದೆಲ್ಲ ಅದರ ಮೇಲೆ ಬರೀಬೇಕು. ಇದಕ್ಕೆ ಒಪ್ಪದೆ ಪೆಟ್ರೋಲ್ ಇಲ್ಲ, ಟೈಮ್ ಇಲ್ಲ, ಇನ್ನೊಬ್ರು ಅಡ್ವಾನ್ಸ್ ಕೊಡೋಕೆ ಬರ್ತಿದಾರೆ ಅಂತ ಅವಸರ ಮಾಡಿದ್ರೆ ಎದ್ದು ಬನ್ನಿ, ಊರಲ್ಲಿ ಕಾರಿಗೆ ಬರ ಇಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರ್ತದೆ ನೋಡಿ, 2319 ಅಂತ ಇದ್ರೆ 2019ರ 23ನೇ ವಾರದಲ್ಲಿ ಆದ ಟೈರ್ ಅಂತ ಅರ್ಥ. ನಾಲ್ಕು ಟೈರಿಗೆ ನಾಲ್ಕು ಕಂಪನಿ, ನಾಲ್ಕು ವರ್ಷ ಇದ್ರೆ ಗಾಡಿಯನ್ನ ಹೆಂಗೆ ನೋಡ್ಕೊಂಡಿದಾರೆ ಅಂತ ಅಲ್ಲೇ ಗೊತ್ತಾಗ್ತದೆ. ಟೈರಿನ ಗೆರೆಗಳ ಆಳ 1.6 ಮಿಲಿಮೀಟರಿಗಿಂತ ಕಮ್ಮಿ ಆಗಿದ್ರೆ ರೇಟಲ್ಲಿ ಹೊಸ ಟೈರಿನ ದುಡ್ಡು ಮುರ್ಕೊಳ್ಳಿ.

ಬಿಲ್ ಯಾಕೆ ಅಂದ್ರೆ, ವ್ಯಾಪಾರ ಅಂತ ಮಾಡೋ ಡೀಲರ್ ಹತ್ರ ತಗೊಂಡಿದ್ದಕ್ಕೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗ್ಬೋದು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಫೀಸೂ ಇಲ್ಲ, ಮೊದಲು ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಬರೆಸ್ಬೋದು. ಪಕ್ಕದ ಮನೆಯವರ ಹತ್ರ ನೇರವಾಗಿ ತಗೊಂಡ್ರೆ ಈ ದಾರಿ ಇಲ್ಲ. ಕೇಸಿಗೆ ಹೋಗೋರಿಗೆ ಕೈಯಲ್ಲಿ ಇರಬೇಕಾದ್ದು ಮೆಕ್ಯಾನಿಕ್ ಬರೆದು ಕೊಟ್ಟ ಚೀಟಿ ಮತ್ತೆ ಬಿಚ್ಚಿದ ಹಳೇ ಪಾರ್ಟ್, ಅದಿಲ್ಲದೆ ಬರೀ ಬಾಯಲ್ಲಿ ಸದ್ದು ಬರ್ತಿತ್ತು ಅಂದ್ರೆ ಯಾರು ನಂಬ್ತಾರೆ.

ಕೊನೇದಾಗಿ ನಮ್ಮ ಊರಿನ ಕಾಲೇಜುಗಳಿಗೆ ಒಂದು ಕೋರಿಕೆ. ದಾವಣಗೆರೇಲಿ ಇಂಜಿನಿಯರಿಂಗ್ ಕಾಲೇಜುಗಳಿದಾವೆ, ಪಾಲಿಟೆಕ್ನಿಕ್ ಇದೆ, ಐಟಿಐಗಳಿದಾವೆ, ಚಿತ್ರದುರ್ಗದಲ್ಲೂ ಇದಾವೆ. ಮೆಕ್ಯಾನಿಕಲ್, ಆಟೋಮೊಬೈಲ್ ಓದೋ ಹುಡುಗ್ರು ಬೋರ್ಡ್ ಮೇಲೆ ಬೇರಿಂಗ್ ಚಿತ್ರ ಬರೆದು ಪಾಸಾಗ್ತಾರೆ, ಹಾಳಾದ ಬೇರಿಂಗಿನ ಸದ್ದನ್ನ ಓಡೋ ಗಾಡೀಲಿ ಕೂತು ಕೇಳಿದವರು ಅವರಲ್ಲಿ ಕಮ್ಮಿ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಕಾಲೇಜು ವರ್ಕ್‌ಶಾಪಲ್ಲಿ ಸಾರ್ವಜನಿಕರ ಗಾಡಿಗಳನ್ನ ಎತ್ತಿ ಚಕ್ರ, ಟೈರ್, ಬ್ರೇಕ್ ನೋಡಿ ಚೀಟಿ ಬರೆದು ಕೊಡೋ ಕ್ಯಾಂಪ್ ಮಾಡ್ಬೋದು. ರಿಪೇರಿ ಮಾಡೋದು ಬೇಡ, ನೋಡಿ ಹೇಳಿದ್ರೆ ಸಾಕು, ಫೀಸೂ ಇಡ್ಲಿ. ಭಾಯ್ ಥರದ ಹಿರಿಯ ಮೆಕ್ಯಾನಿಕ್‌ಗಳನ್ನ ಗೌರವಧನ ಕೊಟ್ಟು ಕರೆಸ್ಲಿ, ಮೇಷ್ಟ್ರುಗಳ ಪಕ್ಕದಲ್ಲೇ ನಿಲ್ಲಿಸ್ಲಿ, ಹುಡುಗ್ರು ಸ್ಪ್ರಿಂಗ್ ಮೇಲೆ ಬೆರಳಿಟ್ಟು ಕಲೀಲಿ. ನಾನು ನಮ್ಮ ಹತ್ರದ ಒಂದು ಕಾಲೇಜಿನಲ್ಲಿ ಈ ಬಗ್ಗೆ ಅರ್ಜಿ ಕೊಟ್ಟು ಬಂದಿದೀನಿ. ಯಾವುದಾದ್ರೂ ಕಾಲೇಜು ಒಪ್ಪಿ ಮುಂದೆ ಬಂದ್ರೆ ದಯವಿಟ್ಟು ದಿನ, ಜಾಗ ಎರಡನ್ನೂ ನಿಮ್ಮ ಪತ್ರಿಕೇಲಿ ಹಾಕಿ, ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆಯವರಿಗೂ ಮೊದಲೇ ತಿಳಿದ್ರೆ ಗಾಡಿ ತಗೊಂಡು ಬರೋಕೆ ಅನುಕೂಲ ಆಗ್ತದೆ.

ಇಂತಿ ತಮ್ಮ ಓದುಗ,
ನಿಟುವಳ್ಳಿ, ದಾವಣಗೆರೆ